ಗಾಲಿಕುರ್ಚಿ ಬಂತು, ಟ್ಯೂಬ್ ಎಲ್ಲಿ?

ಪೆಸಿಫಿಕ್ ಸಾಗರದ ಕಿರಿಬಾಟಿ ದೇಶಕ್ಕೆ 33 ದ್ವೀಪ, ಸುಮಾರು 1.2 ಲಕ್ಷ ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಾಜಧಾನಿ ದಕ್ಷಿಣ ತರಾವಾದಲ್ಲೇ ಇದ್ದಾರೆ. ಪೂರ್ವದ ಕಿರಿಸಿಮಾಸ್ ದ್ವೀಪವೋ ಅಲ್ಲಿಂದ 3,000 ಕಿ.ಮೀ.ಗೂ ಆಚೆ. ಇಂಥ ಕಡೆಗೆ ಗಾಲಿಕುರ್ಚಿ, ಶ್ರವಣಸಾಧನ, ಕೃತಕ ಕಾಲು ತರಿಸುವವರು ಬೆಲೆಗಾಗಿ ಚೌಕಾಸಿ ಮಾಡುತ್ತಾರೆ. ಆದರೆ ವರ್ಷದೊಳಗೆ ಕೈಕೊಡುವುದು ಬಿಡಿಭಾಗ. ಟ್ಯೂಬ್ ಸಿಗದೆ ಒಳ್ಳೆಯ ಕುರ್ಚಿಯೂ ಮನೆಯ ಹಿಂದೆ ಬಿದ್ದಿರುತ್ತದೆ.

ಇಂಥ ನೆರವಿನ ಸಾಧನಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಆದ್ಯತಾ ಪಟ್ಟಿಯಲ್ಲಿ 50 ಸಾಧನಗಳಿವೆ. ಸಣ್ಣ ದೇಶದ ಒಂದೇ ಉಗ್ರಾಣದಲ್ಲಿ ಐವತ್ತನ್ನೂ ಇಡಲು ಹೊರಟರೆ ಯಾವುದೂ ಸಾಕಷ್ಟು ಇರುವುದಿಲ್ಲ. ಗಾಲಿಕುರ್ಚಿಯಲ್ಲಿ ಎರಡೇ ಮಾದರಿ ಸಾಕು: ಒಂದು ಒಳಾಂಗಣಕ್ಕೆ, ಇನ್ನೊಂದು ಹವಳದ ಮರಳು, ಜಲ್ಲಿಯ ದಾರಿಗೆ. ಎರಡನೆಯದರ ಮುಂದಿನ ಚಕ್ರ ಕನಿಷ್ಠ 8 ಇಂಚಿನದಿರಬೇಕು, ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಉದ್ದವಿರಬೇಕು. 5 ಇಂಚಿನ ಗಟ್ಟಿ ಚಕ್ರ ಮರಳಿನಲ್ಲಿ ಹೂತುಹೋಗಿ ಕುಳಿತವರನ್ನು ಮುಂದಕ್ಕೆ ಬೀಳಿಸುತ್ತದೆ. ಮಾದರಿ ಎರಡಾದರೂ ಹಿಂದಿನ ಚಕ್ರ 24 ಇಂಚಿನದೇ, ಬೇರಿಂಗ್ ಒಂದೇ ನಂಬರಿನದು ಎಂದು ಟೆಂಡರಿನಲ್ಲೇ ಬರೆಯಿರಿ. ಇದೊಂದು ಸಾಲು ಉಗ್ರಾಣದ ಅರ್ಧ ತಲೆನೋವು ಕಳೆಯುತ್ತದೆ.

ಬಿಡಿಭಾಗವನ್ನು ಕುರ್ಚಿಯ ಜೊತೆಗೇ, ಅದೇ ಆರ್ಡರಿನಲ್ಲೇ ತರಿಸಬೇಕು. ಮೊದಲ ಸಲಕ್ಕೆ 50 ಕುರ್ಚಿಗೆ 100 ಟ್ಯೂಬ್, 50 ಟೈರ್, 20 ಜೊತೆ ಮುಂದಿನ ಚಕ್ರ, 100 ಬೇರಿಂಗ್, 20 ಬ್ರೇಕ್, 50 ದಿಂಬು ಎಂದು ಹಾಕಿಕೊಳ್ಳಬಹುದು. ದಿಂಬಿನ ಲೆಕ್ಕ ಅತಿಯಾಯಿತು ಅನ್ನಿಸೀತು. ತೇವದ ಹವೆಯಲ್ಲಿ ಫೋಮ್ ಬೂಷ್ಟು ಹಿಡಿಯುತ್ತದೆ, ಕುಸಿಯುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ತಿಳಿಯದವರಿಗೆ ಕುಸಿದ ದಿಂಬೆಂದರೆ ಒತ್ತಡದ ಹುಣ್ಣು.

ಉಪ್ಪುಗಾಳಿ ಇನ್ನೊಂದು ಶತ್ರು. ಉಕ್ಕಿನ ಫ್ರೇಮಿಗೆ ಪೌಡರ್ ಕೋಟಿಂಗ್ ಇದ್ದರೂ ಗೀರು ಬಿದ್ದ ಕಡೆ, ಕೊಳವೆಯ ಒಳಗೆ ತುಕ್ಕು ಶುರುವಾಗುತ್ತದೆ. ಅಲ್ಯೂಮಿನಿಯಂ ಮೇಲು. ಆದರೆ ಅದಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ ಅಲ್ಯೂಮಿನಿಯಂ ಸವೆಯುತ್ತದೆ, ಬೋಲ್ಟ್ ಕಚ್ಚಿಕೊಳ್ಳುತ್ತದೆ. ಜೋಡಿಸುವಾಗಲೇ ಬೋಲ್ಟಿನ ಸುರುಳಿ ಎಳೆಗಳಿಗೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಬೇಕು.

ಮರು ಆರ್ಡರ್ ಯಾವಾಗ? ತಿಂಗಳಿಗೆ 5 ಕುರ್ಚಿ ಹೋಗುತ್ತವೆ ಎನ್ನಿ. ಆರ್ಡರ್ ಕೊಟ್ಟು ಕೈಗೆ ಬರಲು 6 ತಿಂಗಳು, ಹಡಗು ತಪ್ಪಿದರೆ 9. ಹಾಗಾದರೆ 45 ಕುರ್ಚಿ ಉಳಿದಾಗಲೇ ಆರ್ಡರ್ ಹೋಗಬೇಕು. ಹತ್ತು ಉಳಿದ ಮೇಲೆ ಎಚ್ಚೆತ್ತರೆ ನಾಲ್ಕು ತಿಂಗಳು ಉಗ್ರಾಣ ಖಾಲಿ, ಕೆಟ್ಟ ವರ್ಷದಲ್ಲಿ ಏಳು. ಈ ಲೆಕ್ಕವನ್ನು ಪ್ರತಿ ಅಳತೆಗೂ ಬೇರೆ ಬೇರೆ ಮಾಡಬೇಕು. 18 ಇಂಚು ಅಗಲದ ಆಸನದ ಕುರ್ಚಿ ರಾಶಿ ಇದ್ದರೆ ಮಕ್ಕಳಿಗೇನು ಬಂತು?

ಶ್ರವಣಸಾಧನದ ಜಿಂಕ್-ಏರ್ ಬ್ಯಾಟರಿಯದು ಬೇರೆಯೇ ಸ್ವಭಾವ. 13ನೇ ನಂಬರಿನದು ಹತ್ತು ದಿನ ಬಂದರೆ ಒಂದು ಕಿವಿಗೆ ವರ್ಷಕ್ಕೆ 36. ನೂರು ಜನಕ್ಕೆ 3,600. ಮೂರು ವರ್ಷಕ್ಕಾಗುವಷ್ಟು ಒಮ್ಮೆಗೇ ತರಿಸಿಟ್ಟರೆ ಸೆಕೆಗೆ ಶಕ್ತಿ ಇಳಿಯುತ್ತದೆ. ಆರು ತಿಂಗಳಿಗೊಮ್ಮೆ ತರಿಸಿ, ಹಳೆಯದನ್ನು ಮೊದಲು ಕೊಡಿ. ಸ್ಟಿಕ್ಕರ್ ಕಿತ್ತರೆ ಗಾಳಿ ಒಳಹೋಗಿ ಬ್ಯಾಟರಿ ಕೆಲಸ ಶುರುಮಾಡುತ್ತದೆ, ಮತ್ತೆ ಅಂಟಿಸಿ ಪ್ರಯೋಜನವಿಲ್ಲ ಎಂಬುದನ್ನೂ ಹೇಳಿಕೊಡಿ.

ಕೃತಕ ಕಾಲಿಗೆ ಪಾಲಿಪ್ರೊಪಿಲೀನ್ ಹಾಳೆಯೇ ವಾಸಿ: ಒಲೆಯಲ್ಲಿ ಕಾಯಿಸಿ ಅಚ್ಚಿನ ಮೇಲೆ ಎಳೆದರೆ ಆಯಿತು. ಅದರ ಬದಲು ರಾಳ (ರೆಸಿನ್) ಬಳಸಿದರೆ ಅದಕ್ಕೆ, ಅಂಟಿಗೆ ಅಪಾಯಕಾರಿ ಸರಕಿನ ಕಾಗದಪತ್ರ ಬೇಕು, ವಿಮಾನದಲ್ಲಿ ಸುಲಭಕ್ಕೆ ಒಯ್ಯುವುದಿಲ್ಲ. ಪಾಲಿಯುರೆಥೇನ್ ಪಾದಗಳನ್ನು ಮಾತ್ರ ಹೆಚ್ಚು ತುಂಬಿಡಬೇಡಿ. ತೇವಕ್ಕೆ ಕಪಾಟಿನಲ್ಲೇ ಪುಡಿಯಾಗುತ್ತವೆ.

ಬಂದರಿನ ವಿಷಯ. ಗಾಲಿಕುರ್ಚಿಯ ಕಸ್ಟಮ್ಸ್ ಕೋಡ್ 8713, ಶ್ರವಣಸಾಧನ, ಕಂಕುಳ ಊರುಗೋಲಿನದು 9021. ಸುಂಕ ವಿನಾಯಿತಿ ಪತ್ರದಲ್ಲಿ ಇವೆರಡನ್ನೇ ಬರೆದರೆ ಬಿಡಿಭಾಗದ ಪೆಟ್ಟಿಗೆ ಸಿಕ್ಕಿಬೀಳುತ್ತದೆ: ಟ್ಯೂಬ್ 4013, ಟೈರ್ 4011, ಬ್ಯಾಟರಿ 8506, ಸಾದಾ ಕೈಗೋಲು 6602. ಎಲ್ಲವನ್ನೂ ಹೆಸರಿಸಿದ ಪತ್ರ ಹಡಗು ಮುಟ್ಟುವ ಮೊದಲೇ ಸಹಿಯಾಗಿರಬೇಕು, ಇಲ್ಲದಿದ್ದರೆ ಡೆಮರೇಜ್, ಅಂದರೆ ಸರಕು ಬಂದರಿನಲ್ಲಿ ಉಳಿದದ್ದಕ್ಕೆ ದಂಡ. ಮರದ ಪೆಟ್ಟಿಗೆಯ ಮೇಲೆ ಐಎಸ್‌ಪಿಎಂ-15 ಮುದ್ರೆ (ಮರಕ್ಕೆ ಕೀಟ ಬಾರದಂತೆ ಸಂಸ್ಕರಿಸಲಾಗಿದೆ ಎಂಬ ಗುರುತು) ಇಲ್ಲದಿದ್ದರೂ ತಡೆಯುತ್ತಾರೆ.

ಮಡಿಸಿದ ಕುರ್ಚಿಯ ಪೆಟ್ಟಿಗೆ ಸುಮಾರು 0.2 ಘನ ಮೀಟರ್. 20 ಅಡಿ ಕಂಟೇನರಿಗೆ ನೂರಮೂವತ್ತು, ನಲವತ್ತು ಹಿಡಿಸುತ್ತವೆ. ತುವಾಲುವಿನಂಥ ಹತ್ತು-ಹನ್ನೊಂದು ಸಾವಿರ ಜನರ ದೇಶಕ್ಕೆ ಅಷ್ಟು ಒಮ್ಮೆಗೇ ಬೇಡ. ಹಲವು ದೇಶ ಸೇರಿ ಕೊಂಡು ಫಿಜಿಯ ಸುವಾದಲ್ಲಿ ಹಂಚಿಕೊಳ್ಳಬಹುದು. ತೊಡಕು ಬರುವುದು ಬಜೆಟ್ಟಿನಲ್ಲಿ: ಕಿರಿಬಾಟಿಯ ಹಣಕಾಸು ವರ್ಷ ಜನವರಿಗೆ, ಸಮೋವಾದ್ದು ಜುಲೈಗೆ, ಫಿಜಿಯದು ಆಗಸ್ಟಿಗೆ ಶುರು. ಹಾಗಾಗಿ ಒಟ್ಟಿಗೆ ಹಣ ಕಟ್ಟಿ ಎನ್ನುವುದಕ್ಕಿಂತ ಬೆಲೆ, ಮಾದರಿಯ ಒಪ್ಪಂದ ಮಾತ್ರ ಒಂದೇ ಇಟ್ಟುಕೊಂಡು, ಅವರವರು ಅವರವರ ಕಾಲಕ್ಕೆ ಆರ್ಡರ್ ಕೊಡುವುದು ನಡೆಯುವ ದಾರಿ.

ದಾನದ ಕಂಟೇನರ್ ಬಂದಾಗ ಫೋಟೊ ಚೆನ್ನಾಗಿ ಬರುತ್ತದೆ. ಒಳಗೆ ಹತ್ತು ಕಂಪನಿಯ ಹಳೆಯ ಕುರ್ಚಿಗಳು, ಒಂದರ ಬ್ರೇಕ್ ಇನ್ನೊಂದಕ್ಕೆ ಕೂರದು. ಮಾದರಿಯ ಪಟ್ಟಿ ಮೊದಲೇ ಕಳಿಸಿ, ಅದರಲ್ಲಿಲ್ಲದ್ದನ್ನು ಬೇಡವೆನ್ನುವ ಅಧಿಕಾರ ಉಗ್ರಾಣದವರಿಗೆ ಇರಬೇಕು.

ಕೊನೆಗೆ ಒಂದು ಪುಸ್ತಕ, ಐದು ಕಾಲಂ: ಸಾಧನದ ಸರಣಿ ಸಂಖ್ಯೆ, ಅಳತೆ, ದ್ವೀಪ, ಬದಲಿಸಿದ ಭಾಗ, ತಾರೀಖು. ದುರಸ್ತಿ ಮಾಡಿದವರೇ ಅಲ್ಲೇ ಬರೆಯಬೇಕು. ಎರಡನೇ ವರ್ಷದ ಆರ್ಡರಿಗೆ ಮೇಲಿನ ಅಂದಾಜು ಬಿಟ್ಟು ಈ ಪುಸ್ತಕದ ಲೆಕ್ಕ ಹಿಡಿಯಿರಿ.