ಟಾಲ್‌ಸ್ಟಾಯ್ ಮನೆ ಬಿಟ್ಟದ್ದು ಹೆಂಡತಿಯ ಕಾಟಕ್ಕೇ?

ಪ್ರಶ್ನೆ: ಟಾಲ್‌ಸ್ಟಾಯ್ ಅವರು ಹೆಂಡತಿಯ ಕಾಟ ತಡೆಯಲಾರದೆ ಮುದಿ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗಿ, ಯಾವುದೋ ರೈಲ್ವೆ ಸ್ಟೇಷನ್ನಿನಲ್ಲಿ ಅನಾಥರಂತೆ ಸತ್ತರು ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ‘ಯುದ್ಧ ಮತ್ತು ಶಾಂತಿ’ಯ ಬಗ್ಗೆ ಬರೆದರೂ ಇದೇ ಪ್ರಶ್ನೆ, ಅವನ ಪುಟ್ಟ ನೀತಿಕಥೆಗಳ ಬಗ್ಗೆ ಬರೆದರೂ ಇದೇ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ, ನನ್ನ ಬಾಯಿಂದ ‘ಹೌದು’ ಬರಲಿ ಎಂದು ಕಾಯುತ್ತಿರುತ್ತಾರೆ. ನಾಲ್ಕು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಈ ಸಲ ಬಿಡಿಸಿ ಬರೆಯುತ್ತೇನೆ.

ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1910ರ ಅಕ್ಟೋಬರ್ 28ರಂದು, ಇನ್ನೂ ಬೆಳಕು ಹರಿಯುವ ಮುಂಚೆ, ಎಂಬತ್ತೆರಡು ವರ್ಷದ ಟಾಲ್‌ಸ್ಟಾಯ್ ಯಾಸ್ನಾಯ ಪೊಲ್ಯಾನದ ಮನೆಯಿಂದ ಹೊರಬಿದ್ದ. (ಇದು ಅಂದಿನ ರಷ್ಯಾದ ಹಳೆಯ ಕ್ಯಾಲೆಂಡರಿನ ದಿನಾಂಕ. ನಮ್ಮ ಲೆಕ್ಕಕ್ಕೆ ಹದಿಮೂರು ದಿನ ಸೇರಿಸಿಕೊಳ್ಳಬೇಕು. ಅವನು ಸತ್ತ ದಿನ ಒಂದು ಪುಸ್ತಕದಲ್ಲಿ ನವೆಂಬರ್ 7, ಇನ್ನೊಂದರಲ್ಲಿ ನವೆಂಬರ್ 20 ಎಂದಿರುವುದಕ್ಕೆ ಕಾರಣ ಇಷ್ಟೇ.) ಜೊತೆಗಿದ್ದವನು ಮನೆಯ ವೈದ್ಯ ದುಶಾನ್ ಮಕೊವಿಟ್‌ಸ್ಕಿ. ರೈಲು ಹಿಡಿದು ಮೊದಲು ಆಪ್ಟಿನಾ ಮಠಕ್ಕೆ, ಅಲ್ಲಿಂದ ಶಮೊರ್ದಿನೊದಲ್ಲಿ ಸನ್ಯಾಸಿನಿಯಾಗಿದ್ದ ತಂಗಿ ಮರಿಯಾಳ ಬಳಿಗೆ. ಅಲ್ಲಿ ಕಿರಿಯ ಮಗಳು ಅಲೆಕ್ಸಾಂದ್ರಾ ಬಂದು ಸೇರಿಕೊಂಡಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಸಾಶಾ ಎಂದು. ದಕ್ಷಿಣದ ಕಡೆಗೆ ಹೊರಟ ರೈಲಿನಲ್ಲಿ ಮುದುಕನಿಗೆ ಜ್ವರ ಏರಿತು. ಅಸ್ತಾಪೊವೊ ಎಂಬ ಊರಿನಲ್ಲಿ ಇಳಿಸಿದರು. ಸ್ಟೇಷನ್ ಮಾಸ್ಟರ್ ಇವಾನ್ ಒಜೊಲಿನ್ ತಾನಿದ್ದ ಮನೆಯನ್ನೇ ಬಿಟ್ಟುಕೊಟ್ಟ. ನ್ಯುಮೋನಿಯಾ ಆಗಿತ್ತು. ಏಳು ದಿನ ಮಲಗಿದ್ದು ಆ ಮನೆಯಲ್ಲಿ ತೀರಿಕೊಂಡ.

‘ಅನಾಥನಂತೆ’ ಎಂಬ ಮಾತನ್ನು ಇಲ್ಲೇ ಕೈಬಿಡೋಣ. ಹಾಸಿಗೆಯ ಸುತ್ತ ವೈದ್ಯರಿದ್ದರು, ಮಕ್ಕಳಿದ್ದರು, ಶಿಷ್ಯ ಚೆರ್ಟ್‌ಕೋವ್ ಇದ್ದ. ಹೊರಗೆ ಪತ್ರಕರ್ತರ ದಂಡು, ಪೊಲೀಸರು, ಸಿನಿಮಾ ಕ್ಯಾಮೆರಾ ಹಿಡಿದವರು. ತಂತಿ ಕಚೇರಿಗೆ ಬಿಡುವಿರಲಿಲ್ಲ. ಅಲ್ಲಿ ದಿಕ್ಕಿಲ್ಲದೆ ನಿಂತಿದ್ದ ಜೀವ ಒಂದಿತ್ತು, ಅದು ಸೋಫಿಯಾ, ನಲವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ. ತೂಲಾದಿಂದ ವಿಶೇಷ ರೈಲು ಮಾಡಿಸಿಕೊಂಡು ಬಂದಿದ್ದಳು. ಒಳಗೆ ಬಿಡಲಿಲ್ಲ. ಪಕ್ಕದ ಹಳಿಯ ಮೇಲೆ ನಿಂತ ಬೋಗಿಯಲ್ಲಿ ರಾತ್ರಿ ಕಳೆದಳು. ಕಾಲ ತುದಿಯಲ್ಲಿ ನಿಂತು ಕಿಟಕಿಯಿಂದ ಗಂಡನನ್ನು ಇಣುಕಿ ನೋಡುತ್ತಿದ್ದುದನ್ನು ಕ್ಯಾಮೆರಾದವರು ಸೆರೆಹಿಡಿದಿದ್ದಾರೆ. ಕೊನೆಗೆ ಒಳಗೆ ಬಿಟ್ಟಾಗ ಅವನಿಗೆ ಆಕೆಯ ಗುರುತು ಹಿಡಿಯುವಷ್ಟು ಪ್ರಜ್ಞೆ ಇರಲಿಲ್ಲ.

ಇನ್ನು ಆ ‘ಕಾಟ’ದ ಮಾತು. ಇದು ಸುಲಭವಾಗಿ ಸಾಯುವ ಕಥೆಯಲ್ಲ. ಜ್ಞಾನಿಗೆ ಗಯ್ಯಾಳಿ ಹೆಂಡತಿ ಎಂಬ ಅಚ್ಚು ನಮ್ಮಲ್ಲಿ ಮೊದಲಿನಿಂದಲೂ ತಯಾರಿದೆ. ಸಾಕ್ರೆಟಿಸನ ಹೆಂಡತಿಯ ಕಥೆ ಹೇಳುತ್ತೇವೆ, ತುಕಾರಾಮನ ಹೆಂಡತಿಯ ಕಥೆ ಹೇಳುತ್ತೇವೆ. ಸೋಫಿಯಾಳನ್ನೂ ಅದೇ ಅಚ್ಚಿಗೆ ಹಾಕಿದರೆ ಕೆಲಸ ಮುಗಿಯಿತು. ಆ ಅಚ್ಚಿನಿಂದ ಆಕೆಯನ್ನು ಹೊರತೆಗೆಯುವುದಕ್ಕೆ ಮದುವೆಯಿಂದಲೇ ಶುರುಮಾಡಬೇಕು.

1862ರ ಸೆಪ್ಟೆಂಬರಿನಲ್ಲಿ ಮದುವೆ. ಅವನಿಗೆ 34, ಆಕೆಗೆ 18. ಮಾತು ಕೊಟ್ಟು ಒಂದೇ ವಾರಕ್ಕೆ ಮದುವೆ ಮುಗಿದಿತ್ತು. ಆ ವಾರದಲ್ಲೇ ಅವನು ತನ್ನ ಹಳೆಯ ಡೈರಿಗಳನ್ನು ತಂದು ಹುಡುಗಿಯ ಕೈಗಿಟ್ಟ. ಅದರಲ್ಲಿ ಜೂಜಿತ್ತು, ವೇಶ್ಯೆಯರಿದ್ದರು, ತನ್ನದೇ ಎಸ್ಟೇಟಿನ ರೈತ ಹೆಂಗಸೊಬ್ಬಳ ಸಂಬಂಧವೂ ಇತ್ತು. ಪ್ರಾಮಾಣಿಕವಾಗಿರಬೇಕೆಂಬ ಹಟ ಅವನದು, ಓದಿ ಅತ್ತವಳು ಅವಳು. ಮರೆತಳು ಎಂದು ಹೇಳಲಾಗದು, ಆಕೆಯ ಡೈರಿಯಲ್ಲಿ ಆ ನೋವು ಮತ್ತೆ ಮತ್ತೆ ಮೇಲೆದ್ದು ಬರುತ್ತದೆ.

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಹದಿಮೂರು ಹೆರಿಗೆ. ಐದು ಮಕ್ಕಳು ಎಳವೆಯಲ್ಲೇ ತೀರಿಹೋದವು. ಅದರ ನಡುವೆಯೇ, ದೀಪ ಹಚ್ಚಿಕೊಂಡು ಕೂತು, ಗಂಡನ ಕೋಳಿಕಾಲಿನ ಅಕ್ಷರ ಬಿಡಿಸಿ ‘ಯುದ್ಧ ಮತ್ತು ಶಾಂತಿ’ಯ ಹಸ್ತಪ್ರತಿಯನ್ನು ಶುದ್ಧಪ್ರತಿ ಮಾಡುತ್ತಿದ್ದಳು. ಬೆಳಿಗ್ಗೆ ಅವನು ಆ ಪ್ರತಿಯ ಮೇಲೆಯೇ ಮತ್ತೆ ಗೀಚುತ್ತಿದ್ದ, ರಾತ್ರಿ ಆಕೆ ಮತ್ತೆ ಬರೆಯುತ್ತಿದ್ದಳು. ಏಳು ಸಲ ಪ್ರತಿ ಮಾಡಿದಳು ಎಂದು ಹೇಳುವುದು ರೂಢಿ. ನಾವು ಈಗ ಹೊಗಳುವ ಆ ವಾಕ್ಯಗಳ ಮೊದಲ ಓದುಗಾರ್ತಿ ಇವಳೇ.

ಪ್ರಕಟಣೆಯ ಕೆಲಸವೂ ಆಕೆಯ ತಲೆಗೇ ಬಂತು. ಪುಸ್ತಕ ಅಚ್ಚು ಹಾಕಿಸಿ ಮಾರುವುದು ಹೇಗೆ ಎಂದು ಕಲಿಯಲು 1885ರಲ್ಲಿ ದಾಸ್ತೋವ್‌ಸ್ಕಿಯ ವಿಧವೆ ಆನ್ನಾಳ ಬಳಿ ಹೋಗಿ ಕೂತು ಕೇಳಿ ಬಂದಳು. ಗಂಡನ ‘ಕ್ರೂಟ್ಸರ್ ಸೊನಾಟಾ’ ಕಥೆಯನ್ನು ಸರ್ಕಾರ ತಡೆಹಿಡಿದಾಗ, 1891ರಲ್ಲಿ ಸ್ವತಃ ಝಾರ್ ಚಕ್ರವರ್ತಿಯನ್ನು ಕಂಡು, ಸಮಗ್ರ ಕೃತಿಗಳ ಸಂಪುಟದಲ್ಲಿ ಅದನ್ನು ಸೇರಿಸಲು ಒಪ್ಪಿಗೆ ತಂದಳು. ಆ ಕಥೆ ಯಾವುದು ಗೊತ್ತೆ? ಹೆಂಡತಿಯನ್ನು ಕೊಂದ ಗಂಡನೊಬ್ಬ ದಾಂಪತ್ಯವನ್ನೇ ಹಳಿಯುವ ಕಥೆ. ಓದಿದವರೆಲ್ಲ ಇದು ಟಾಲ್‌ಸ್ಟಾಯ್ ಮನೆಯ ಕಥೆ ಎಂದು ಆಕೆಯ ಕಡೆ ನೋಡುತ್ತಿದ್ದ ಕಾಲದಲ್ಲಿ, ಅದೇ ಕಥೆಯ ಪರವಾಗಿ ಅರಮನೆಗೆ ಹೋಗಿ ಬಂದಳು. ಅದೇ ವರ್ಷ ಬರಗಾಲ ಬಿದ್ದಾಗ ಅವನು ರ‍್ಯಾಜಾನ್ ಪ್ರಾಂತ್ಯದಲ್ಲಿ ಗಂಜಿಕೇಂದ್ರ ತೆರೆದ. ಅದಕ್ಕೆ ಹಣ ಬರುವಂತೆ ಪತ್ರಿಕೆಯಲ್ಲಿ ಮನವಿ ಬರೆದವಳು ಇವಳು. 1901ರಲ್ಲಿ ಚರ್ಚು ಅವನನ್ನು ಹೊರಗೆ ಹಾಕಿದಾಗ ಪ್ರತಿಭಟಿಸಿ ಬಹಿರಂಗ ಪತ್ರ ಬರೆದವಳೂ ಇವಳೇ. ಕಾಟ ಕೊಡುವ ಹೆಂಡತಿಯ ಲಕ್ಷಣ ಇದರಲ್ಲಿ ಎಲ್ಲಿದೆ?

ಹಾಗಾದರೆ ಜಗಳ ಇರಲಿಲ್ಲವೇ? ಇತ್ತು, ಘೋರವಾಗಿತ್ತು. ಐವತ್ತರ ಸುಮಾರಿಗೆ ಟಾಲ್‌ಸ್ಟಾಯ್ ಬದಲಾದ. ಆಸ್ತಿ ಪಾಪ, ಬರೆದದ್ದಕ್ಕೆ ಹಣ ತೆಗೆದುಕೊಳ್ಳುವುದು ಪಾಪ ಎಂದ. 1891ರಲ್ಲಿ, ತಾನು 1881ರ ನಂತರ ಬರೆದುದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು ಎಂದು ಪತ್ರಿಕೆಗಳಿಗೆ ತಿಳಿಸಿದ. ಮರುವರ್ಷ ಜಮೀನು ಮನೆಗಳನ್ನು ಹೆಂಡತಿ ಮಕ್ಕಳಿಗೆ ಹಂಚಿ ಕೈತೊಳೆದುಕೊಂಡ. ಆದರೆ ಇದ್ದದ್ದು ಅದೇ ಮನೆಯಲ್ಲಿ, ಉಂಡದ್ದು ಆಕೆ ನಡೆಸುತ್ತಿದ್ದ ಅಡುಗೆಮನೆಯಲ್ಲಿ. ಹಳೆಯ ಕಾದಂಬರಿಗಳ ಆದಾಯದಲ್ಲಿ ಸಂಸಾರ ತೂಗಿಸುವ ಹೊಣೆ ಆಕೆಯ ಮೇಲೆಯೇ ಉಳಿಯಿತು. ತ್ಯಾಗ ಮಾಡಿದವನು ಋಷಿಯಾದ, ಲೆಕ್ಕ ಬರೆದವಳು ಜಿಪುಣಿಯಾದಳು. ನನಗೆ ಟಾಲ್‌ಸ್ಟಾಯ್ ಮೇಲೆ ಇರುವ ಪ್ರೀತಿ ಸಣ್ಣದಲ್ಲ. ಆದರೂ ಈ ಅನ್ಯಾಯವನ್ನು ಮುಚ್ಚಿಟ್ಟು ಅವನನ್ನು ಪ್ರೀತಿಸಲು ನನ್ನಿಂದಾಗದು.

ಇಲ್ಲಿ ಚೆರ್ಟ್‌ಕೋವ್ ಬರುತ್ತಾನೆ. ಹಳೆಯ ಸೈನ್ಯಾಧಿಕಾರಿ, ಶ್ರೀಮಂತ, ಗುರುವಿಗಿಂತ ಗುರುತತ್ವದ ಮೇಲೆ ಹೆಚ್ಚು ನಿಷ್ಠೆಯಿದ್ದ ಶಿಷ್ಯ. ಟಾಲ್‌ಸ್ಟಾಯ್ ಡೈರಿಗಳು ಅವನ ವಶದಲ್ಲಿದ್ದವು. ನಾಳೆ ಈ ಡೈರಿಗಳನ್ನು ಹಿಡಿದುಕೊಂಡು ನನ್ನನ್ನು ಲೋಕದ ಮುಂದೆ ರಾಕ್ಷಸಿ ಮಾಡುತ್ತಾರೆ ಎಂಬ ಭಯ ಸೋಫಿಯಾಳನ್ನು ಕಾಡಿತು. ಗಂಡ ಗುಟ್ಟಾಗಿ ಉಯಿಲು ಬರೆದಿದ್ದಾನೆ ಎಂಬ ಸಂಶಯವೂ ಹತ್ತಿತು. 1910ರ ಬೇಸಿಗೆಯಲ್ಲಿ ಆಕೆಯ ನಡವಳಿಕೆ ಕೈಮೀರಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಾಯುತ್ತೇನೆಂದು ಹೆದರಿಸುತ್ತಿದ್ದಳು, ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ಗಂಡನ ಕಾಗದಪತ್ರ ತಡಕುತ್ತಿದ್ದಳು.

ಆದರೆ ಆಕೆಯ ಸಂಶಯ ನಿಜವಾಗಿತ್ತು! ಇದನ್ನು ಬಿಟ್ಟು ಕಥೆ ಹೇಳುವವರ ಮೇಲೆ ನನಗೆ ಬೇಸರ. 1910ರ ಜುಲೈ 22ರಂದು ಟಾಲ್‌ಸ್ಟಾಯ್ ಕುದುರೆ ಹತ್ತಿ ಕಾಡಿಗೆ ಹೋಗಿ, ಅಲ್ಲಿ ಮರದ ಬೊಡ್ಡೆಯ ಮೇಲೆ ಕೂತು, ಸಾಕ್ಷಿಗಳ ಎದುರು ಉಯಿಲಿಗೆ ಸಹಿ ಹಾಕಿದ. ತನ್ನ ಎಲ್ಲ ಬರಹ, 1881ರ ಹಿಂದಿನವೂ ಸೇರಿ, ಮಗಳು ಸಾಶಾಗೆ. ಅವಳ ಮೂಲಕ ಎಲ್ಲರಿಗೂ ಮುಕ್ತ. ಸಂಪಾದಿಸಿ ಪ್ರಕಟಿಸುವ ಅಧಿಕಾರ ಚೆರ್ಟ್‌ಕೋವ್‌ಗೆ. ಉದ್ದೇಶ ದೊಡ್ಡದು, ಒಪ್ಪುತ್ತೇನೆ. ಅದನ್ನು ಊಟದ ಮೇಜಿನಲ್ಲಿ ಹೇಳಬಹುದಿತ್ತು. ಸತ್ಯವೇ ದೇವರು ಎಂದು ಬದುಕಿದವನು ಹೆಂಡತಿಗೆ ಹೆದರಿ ಗುಟ್ಟು ಮಾಡಿದ. ಆ ಗುಟ್ಟು ಅವನನ್ನೇ ತಿಂದಿತು. ಮಹಾತ್ಮ ಗಾಂಧಿಗೆ ಪ್ರೀತಿಯ ಧರ್ಮವನ್ನು ಕುರಿತು ಬರೆದ ಆ ಪ್ರಸಿದ್ಧ ದೀರ್ಘ ಪತ್ರದ ತಾರೀಕು ನೋಡಿ: 1910ರ ಸೆಪ್ಟೆಂಬರ್ 7. ಈ ಬೆಂಕಿಯ ನಡುವೆ, ಹಿರಿಯ ಮಗಳ ಊರಾದ ಕೊಚೆಟಿಯಲ್ಲಿ ಕೂತು ಬರೆದದ್ದು ಅದು.

ಅಕ್ಟೋಬರ್ 27ರ ರಾತ್ರಿ ಪಕ್ಕದ ಕೋಣೆಯಲ್ಲಿ ಬೆಳಕು ಕಂಡಿತು, ಕಾಗದ ಸರಿದಾಡಿದ ಸದ್ದಾಯಿತು. ಸೋಫಿಯಾ ಹುಡುಕುತ್ತಿದ್ದಳು. ಅವನು ಎದ್ದು ಹೊರಟದ್ದು ಆಗ. ಈ ಒಂದು ರಾತ್ರಿಯನ್ನು ಮಾತ್ರ ನೋಡಿದವರಿಗೆ ‘ಹೆಂಡತಿಯ ಕಾಟ’ ಕಾಣುತ್ತದೆ. ಬಿಟ್ಟುಹೋದ ಪತ್ರದಲ್ಲಿ ಮನೆಯಲ್ಲಿರುವುದು ಅಸಹನೀಯವಾಗಿದೆ ಎಂಬ ಮಾತು ಇರುವುದು ನಿಜ. ಅದರ ಜೊತೆಗೇ, ನನ್ನ ವಯಸ್ಸಿನ ಮುದುಕರು ಸಾಮಾನ್ಯವಾಗಿ ಮಾಡುವುದನ್ನೇ ಮಾಡುತ್ತಿದ್ದೇನೆ, ಕೊನೆಯ ದಿನಗಳನ್ನು ಏಕಾಂತದಲ್ಲಿ ಕಳೆಯಲು ಹೋಗುತ್ತಿದ್ದೇನೆ ಎಂದಿದೆ. ನಲವತ್ತೆಂಟು ವರ್ಷದ ಬಾಳಿಗೆ ಕೃತಜ್ಞತೆ ಇದೆ, ಕ್ಷಮಿಸು ಎಂಬ ಕೋರಿಕೆ ಇದೆ. ಅದನ್ನು ಓದಿದವಳು ಓಡಿಹೋಗಿ ಕೊಳಕ್ಕೆ ಬಿದ್ದಳು. ಸಾಶಾ ಮತ್ತು ಕಾರ್ಯದರ್ಶಿ ಬುಲ್ಗಾಕೋವ್ ಎಳೆದು ತಂದರು.

ಮನೆ ಬಿಡುವ ಆಸೆ ಆ ರಾತ್ರಿ ಹುಟ್ಟಿದ್ದಲ್ಲ. 1884ರ ಜೂನಿನಲ್ಲಿಯೇ ಒಮ್ಮೆ ಚೀಲ ಹೆಗಲಿಗೇರಿಸಿ ಹೊರಟಿದ್ದ. ಹೆಂಡತಿ ತುಂಬು ಗರ್ಭಿಣಿ ಎಂಬುದು ನೆನಪಾಗಿ ಅರ್ಧ ದಾರಿಯಿಂದ ತಿರುಗಿ ಬಂದ. ಮರುದಿನ ಬೆಳಗಿನ ಹೊತ್ತಿಗೆ ಹುಟ್ಟಿದ ಮಗುವೇ ಸಾಶಾ. ಇಪ್ಪತ್ತಾರು ವರ್ಷದ ಮೇಲೆ ಅವನು ನಿಜವಾಗಿ ಹೊರಟಾಗ ಗಂಟುಮೂಟೆ ಕಟ್ಟಲು ನೆರವಾದವಳು ಅವಳೇ.

ಅದಕ್ಕೂ ಹೆಚ್ಚಿನ ಸಾಕ್ಷಿ 1897ರ ಪತ್ರ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಆ ವರ್ಷ ಜುಲೈ 8ರಂದು ಹೆಂಡತಿಗೆ ಬರೆದು, ಕೊಡದೆ ಬಚ್ಚಿಟ್ಟ. ಅವನು ಸತ್ತ ಮೇಲೆ ಅದು ಆಕೆಯ ಕೈಸೇರಿತು. ಅದರಲ್ಲಿ, ಹಿಂದೂಗಳು ಅರವತ್ತರ ಸಮೀಪಕ್ಕೆ ಕಾಡಿಗೆ ಹೋಗುವಂತೆ, ಎಪ್ಪತ್ತರ ಹೊಸ್ತಿಲಲ್ಲಿರುವ ನಾನೂ ಏಕಾಂತವನ್ನು ಬಯಸುತ್ತೇನೆ ಎಂದು ಬರೆದಿದ್ದಾನೆ. ಅಂದರೆ ವಾನಪ್ರಸ್ಥ! ಆ ಪದ ಬಳಸಿಲ್ಲ, ಆದರೆ ಮನಸ್ಸಿನಲ್ಲಿದ್ದದ್ದು ಅದೇ. ನಮ್ಮ ಕಡೆಯ ಕಥೆಗಳು ಅವನಿಗೆ ಹೊಸವಲ್ಲ. ‘ತಪ್ಪೊಪ್ಪಿಗೆ’ ಎಂಬ ಆತ್ಮಕಥನದಲ್ಲಿ ಮುದುಕ, ರೋಗಿ, ಹೆಣ ಕಂಡ ಶಾಕ್ಯಮುನಿಯ ಕಥೆ ಹೇಳುತ್ತಾನೆ. ಬಾವಿಯಲ್ಲಿ ಜೋತುಬಿದ್ದವನು ಸಾವನ್ನು ಮರೆತು ಜೇನು ನೆಕ್ಕುವ ಕಥೆಯೂ ಅಲ್ಲಿದೆ. ಮಹಾಭಾರತದ ಸ್ತ್ರೀಪರ್ವ ಓದಿದವರು ತಕ್ಷಣ ಗುರುತಿಸುತ್ತಾರೆ.

ಆದರೆ ಅವನು ನಮ್ಮಿಂದ ಅರ್ಧವನ್ನೇ ತೆಗೆದುಕೊಂಡ ಎಂದು ನನಗೆ ಅನ್ನಿಸುತ್ತದೆ. ವಾನಪ್ರಸ್ಥಕ್ಕೆ ಹೋಗುವವನು ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಬೇಕು, ಇಲ್ಲವೇ ಜೊತೆಗೆ ಕರೆದೊಯ್ಯಬೇಕು ಎಂದು ಮನುಸ್ಮೃತಿ ಹೇಳುತ್ತದೆ. ಯಾಜ್ಞವಲ್ಕ್ಯ ಮನೆ ಬಿಡುವಾಗ ಮೈತ್ರೇಯಿಯನ್ನು ಕರೆದು, ಹೊರಡುತ್ತೇನೆ, ಇದ್ದದ್ದನ್ನು ನಿನಗೂ ಕಾತ್ಯಾಯನಿಗೂ ಪಾಲು ಮಾಡಿಕೊಡುತ್ತೇನೆ ಎಂದ. ಆಕೆ ಎದುರು ಪ್ರಶ್ನೆ ಹಾಕಿದಳು, ಆ ಮಾತುಕತೆಯೇ ಉಪನಿಷತ್ತಾಯಿತು. ಯಾಸ್ನಾಯ ಪೊಲ್ಯಾನದಲ್ಲಿ ಅಂಥ ಮಾತುಕತೆ ನಡೆಯಲಿಲ್ಲ. ಪತ್ರ ಬರೆದರು, ಬಚ್ಚಿಟ್ಟರು. ಡೈರಿ ಬರೆದರು, ಒಬ್ಬರದ್ದನ್ನು ಒಬ್ಬರು ಕದ್ದು ಓದಿದರು.

ಆ ಮನೆಯಲ್ಲಿ ಡೈರಿ ಇಡದವರೇ ಇರಲಿಲ್ಲ. ವೈದ್ಯ ಬರೆದ, ಕಾರ್ಯದರ್ಶಿ ಬರೆದ, ಮಗಳು ಬರೆದಳು. ಆದರೆ ಲೋಕಕ್ಕೆ ಮೊದಲು ಗಟ್ಟಿಯಾಗಿ ಕೇಳಿಸಿದ್ದು ಚೆರ್ಟ್‌ಕೋವ್‌ನ ದನಿ. ಮನೆ ಬಿಟ್ಟ ಘಟನೆಯ ಬಗ್ಗೆ 1922ರಲ್ಲಿ ಪುಸ್ತಕ ತಂದ. 1928ರಿಂದ ಹೊರಬಂದ ತೊಂಬತ್ತು ಸಂಪುಟಗಳ ಸಮಗ್ರ ಕೃತಿಗಳ ಸಂಪಾದಕತ್ವವೂ ಅವನದೇ ಆಗಿತ್ತು. ಸೋಫಿಯಾ ತನ್ನ ಬಾಳಿನ ಕಥೆಯನ್ನು ಉದ್ದಕ್ಕೆ ಬರೆದಿಟ್ಟಿದ್ದಳು. ಅದು ಪೂರ್ತಿಯಾಗಿ ಅಚ್ಚಾಗುವಾಗ ಆಕೆ ಸತ್ತು ತೊಂಬತ್ತು ವರ್ಷ ಕಳೆದಿತ್ತು. ನೀವು ಓದಿದ ಕಥೆ ಎಲ್ಲಿಂದ ಬಂತು ಎಂದು ಈಗ ತಿಳಿದಿರಬಹುದು. ಇನ್ನು ಮುಂದೆ ಟಾಲ್‌ಸ್ಟಾಯ್ ಡೈರಿ ಓದುವಾಗ ಅದೇ ತಾರೀಕಿನ ಸೋಫಿಯಾಳ ಡೈರಿಯನ್ನೂ ಪಕ್ಕದಲ್ಲಿಟ್ಟು ಓದಿ. ನನ್ನ ಬಳಿ ಕೇಳಿದವರಿಗೆಲ್ಲ ನಾನು ಕೊಡುವ ಕೆಲಸ ಇದೊಂದೇ. ಮಾಡಿದವರಲ್ಲಿ ಯಾರೂ ಆ ಹಳೆಯ ಪ್ರಶ್ನೆಯನ್ನು ಹಾಗೆಯೇ ಹಿಡಿದುಕೊಂಡು ಮತ್ತೆ ಬಂದಿಲ್ಲ.

ಟಾಲ್‌ಸ್ಟಾಯ್ ಸಮಾಧಿ ಯಾಸ್ನಾಯ ಪೊಲ್ಯಾನದ ಕಾಡಿನೊಳಗಿದೆ. ಶಿಲುಬೆಯಿಲ್ಲ, ಕಲ್ಲಿಲ್ಲ, ಹುಲ್ಲು ಹೊದ್ದ ಮಣ್ಣಿನ ದಿಬ್ಬ ಅಷ್ಟೇ. ಲೋಕವನ್ನೆಲ್ಲ ಸುಖಿಯಾಗಿಸುವ ಗುಟ್ಟನ್ನು ಬರೆದ ಹಸಿರು ಕೋಲೊಂದನ್ನು ಅಲ್ಲಿ ಹೂತಿಟ್ಟಿದ್ದೇನೆ ಎಂದು ಅಣ್ಣ ನಿಕೊಲಾಯ್ ಬಾಲ್ಯದಲ್ಲಿ ಹೇಳಿದ್ದ, ಅದಕ್ಕೇ ಟಾಲ್‌ಸ್ಟಾಯ್ ಆ ಜಾಗ ಕೇಳಿಕೊಂಡಿದ್ದ. ಸೋಫಿಯಾ ಇನ್ನೂ ಒಂಬತ್ತು ವರ್ಷ ಅದೇ ಮನೆಯಲ್ಲಿ ಬಾಳಿ 1919ರಲ್ಲಿ ತೀರಿಕೊಂಡಳು. ಆಕೆಗೂ ಬಂದದ್ದು ನ್ಯುಮೋನಿಯಾ. ಆಕೆಯನ್ನು ಗಂಡನ ಪಕ್ಕದಲ್ಲಿ ಮಣ್ಣು ಮಾಡಲಿಲ್ಲ. ಹತ್ತಿರದ ಕೊಚಾಕಿಯ ಚರ್ಚಿನ ಅಂಗಳದಲ್ಲಿ, ಎಳವೆಯಲ್ಲಿ ಕಳೆದುಕೊಂಡ ಮಕ್ಕಳ ಬಳಿ ಮಲಗಿದ್ದಾಳೆ.