ಪ್ರಾಸ್ಟೇಟ್ ಗಡ್ಡೆಯೆದುರು ರೋಗನಿರೋಧಕ ಶಕ್ತಿ ಸೋಲುವುದೇಕೆ?

ಪ್ರಶ್ನೆ: ಚರ್ಮ, ಶ್ವಾಸಕೋಶಗಳ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ಫಲ ನೀಡುತ್ತದೆ ಎಂದು ಓದುತ್ತೇವೆ. ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಏಕೆ ಹೀಗೆ?

ಉತ್ತರ: ವೈದ್ಯರ ಮಾತು ಬಹುಪಾಲು ರೋಗಿಗಳ ಮಟ್ಟಿಗೆ ನಿಜ. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಸಂಶೋಧನೆಯಿಂದ ಬೆಳೆದು ಬಂದ ಚೆಕ್‌ಪಾಯಿಂಟ್ ಔಷಧಗಳು, ಅಂದರೆ ನೀವು ಓದಿರುವ ಇಮ್ಯುನೊಥೆರಪಿಯ ಪ್ರಮುಖ ಔಷಧಗಳು, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಬ್ರೇಕನ್ನು ಸಡಿಲಿಸುತ್ತವೆ. ಗಡ್ಡೆಯೊಳಗೆ ಟಿ ಕೋಶಗಳೇ ವಿರಳವಾಗಿದ್ದರೆ ಬ್ರೇಕ್ ಸಡಿಲಿಸಿ ಮಾಡುವುದೇನು? ಪ್ರಾಸ್ಟೇಟ್ ಗಡ್ಡೆಗಳನ್ನು ತಜ್ಞರು ‘ಕೋಲ್ಡ್ ಟ್ಯೂಮರ್’ ಎಂದು ಕರೆಯುವುದು ಈ ಕಾರಣಕ್ಕೇ.

ಬಿಸಿಲಿನಿಂದ ಕೆಟ್ಟ ಚರ್ಮದ ಕೋಶದಲ್ಲಿ, ತಂಬಾಕಿನ ಹೊಗೆ ಕುಡಿದ ಶ್ವಾಸಕೋಶದ ಕೋಶದಲ್ಲಿ ವಂಶವಾಹಿ ಮ್ಯುಟೇಷನ್‌ಗಳು ಹೇರಳವಾಗಿರುವುದರಿಂದ, ದೇಹಕ್ಕೆ ಪರಕೀಯವೆನಿಸುವ ಪ್ರೋಟೀನ್ ತುಣುಕುಗಳೂ ಅಲ್ಲಿ ಹೆಚ್ಚು; ಟಿ ಕೋಶಗಳು ಕ್ಯಾನ್ಸರನ್ನು ಗುರುತು ಹಿಡಿಯುವುದು ಈ ತುಣುಕುಗಳಿಂದಲೇ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಅವು ಕಡಿಮೆ. ಇರುವಷ್ಟನ್ನೂ ಕೋಶದ ಹೊರಮೈಯಲ್ಲಿ ಎತ್ತಿ ತೋರಿಸಬೇಕಾದ ಎಂಎಚ್‌ಸಿ ಅಣುಗಳನ್ನು ಹಲವು ಗಡ್ಡೆಗಳು ತಗ್ಗಿಸಿಕೊಂಡುಬಿಡುತ್ತವೆ.

ಗಡ್ಡೆಯ ಸುತ್ತಲಿನ ವಾತಾವರಣ ಇನ್ನೂ ಪ್ರತಿಕೂಲವಾದದ್ದು. ಗಡ್ಡೆ ಹೊರಸೂಸುವ ಸಂಕೇತಗಳಿಗೆ ಓಗೊಟ್ಟು ಮೂಳೆಮಜ್ಜೆಯಿಂದ ಬರುವ ಮೈಲಾಯ್ಡ್ ಕೋಶಗಳೆಂಬ ಅಪಕ್ವ ಬಿಳಿ ರಕ್ತಕಣಗಳು ಟಿ ಕೋಶಗಳಿಗೆ ಬೇಕಾದ ಆರ್ಜಿನೀನ್ ಎಂಬ ಅಮೈನೊ ಆಮ್ಲವನ್ನು ಒಡೆದುಹಾಕುತ್ತವೆ. ಅಷ್ಟು ಸಾಲದೆಂಬಂತೆ, ಅವು ಸ್ರವಿಸುವ ಇಂಟರ್‌ಲ್ಯೂಕಿನ್-23 ಎಂಬ ಪ್ರೋಟೀನ್, ಹಾರ್ಮೋನ್ ಚಿಕಿತ್ಸೆಗೆ ಬಗ್ಗದಂತೆ ಕ್ಯಾನ್ಸರ್ ಕೋಶಗಳನ್ನೇ ಪೋಷಿಸುತ್ತದೆ ಎಂದು 2018ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ಈ ರೋಗ ಹೆಚ್ಚಾಗಿ ಹರಡುವುದು ಮೂಳೆಗೆ. ಅಲ್ಲಿ ಮೂಳೆ ಸವೆದಂತೆಲ್ಲ ಅದರಲ್ಲಿ ಅಡಗಿದ್ದ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಬಿಡುಗಡೆಯಾಗಿ ಟಿ ಕೋಶಗಳನ್ನು ಮಂಕುಗೊಳಿಸುತ್ತದೆ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ರೋಗಿಯ ರಕ್ತಕಣಗಳನ್ನೇ ತರಬೇತುಗೊಳಿಸಿ ಮರಳಿ ಕೊಡುವ ಸಿಪುಲ್ಯೂಸೆಲ್-ಟಿ ಲಸಿಕೆಗೆ ಅಮೆರಿಕ 2010ರಲ್ಲಿ ಅನುಮತಿ ನೀಡಿತು; ಅದು ಪ್ರಯೋಗದಲ್ಲಿ ಮಧ್ಯಕ ಆಯುಸ್ಸನ್ನು 21.7 ತಿಂಗಳಿಂದ 25.8 ತಿಂಗಳಿಗೆ ಏರಿಸಿತ್ತು. ಲಾಭ ಸಣ್ಣದು, ಖರ್ಚು ಬಹಳ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಗಡ್ಡೆಯಲ್ಲಿ ಡಿಎನ್‌ಎ ದುರಸ್ತಿ ಕೆಟ್ಟಿರುವುದರ ಕುರುಹನ್ನು ಹುಡುಕುವ ಎಂಎಸ್‌ಐ ಪರೀಕ್ಷೆ. ಆ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳಲ್ಲಿ ಮ್ಯುಟೇಷನ್‌ಗಳು ತುಂಬಿಕೊಂಡಿರುವುದರಿಂದ ಪೆಂಬ್ರೊಲಿಜುಮ್ಯಾಬ್ ಎಂಬ ಚೆಕ್‌ಪಾಯಿಂಟ್ ಔಷಧ ಅಲ್ಲಿ ಕೆಲಸ ಮಾಡಬಲ್ಲದು. ಇಂಥವರು ಪ್ರಾಸ್ಟೇಟ್ ರೋಗಿಗಳಲ್ಲಿ ಶೇ 3ರ ಆಸುಪಾಸು ಮಾತ್ರ. ರೋಗ ಹರಡಿದ್ದರೆ, ಈ ಪರೀಕ್ಷೆ ಆಗಿದೆಯೇ ಎಂದು ತಂದೆಯವರ ವೈದ್ಯರನ್ನು ಕೇಳಿ. ಹಿಂದೆ ತೆಗೆದಿಟ್ಟ ಬಯಾಪ್ಸಿ ತುಣುಕಿನಲ್ಲೇ ಅದನ್ನು ಮಾಡಲು ಸಾಮಾನ್ಯವಾಗಿ ಸಾಧ್ಯವಿದೆ.