ಆಂಗ್ಲಿಕನ್ ಅಂದ್ರೆ ಇಂಗ್ಲಿಷರ ಚರ್ಚು ಅಂತಲ್ಲ

ಸಾರಾ ಮುಲ್ಲಾಲಿ ಅವರು ಮುಂದಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್, ಅಂದ್ರೆ ಚರ್ಚ್ ಆಫ್ ಇಂಗ್ಲೆಂಡಿನ ಹಿರಿಯ ಬಿಷಪ್, ಅಂತ ಪ್ರಕಟ ಆಗಿದ್ದು 2025ರ ಅಕ್ಟೋಬರ್ 3ನೇ ತಾರೀಕು. ಅವತ್ತಿಂದ "ಆಂಗ್ಲಿಕನ್ನರ ಮೊದಲ ಮಹಿಳಾ ಪೋಪ್", "ಆಂಗ್ಲ ಕ್ರೈಸ್ತರ ಧರ್ಮಗುರು", "ಬ್ರಿಟಿಷ್ ಚರ್ಚಿನ ವಿಶ್ವದಾದ್ಯಂತದ ಶಾಖೆಗಳಿಗೆ ಹೊಸ ಮುಖ್ಯಸ್ಥೆ" ಅಂತೆಲ್ಲ ಓದಿ ಓದಿ ಸಾಕಾಗಿದೆ. ನಾವು ದಕ್ಷಿಣ ಭಾರತ ಸಭೆ ಅಂದ್ರೆ ಸಿಎಸ್‌ಐ ಚರ್ಚಿನವರು, ನಮ್ಮ ತುಮಕೂರಿನ ಒಂದು ಗ್ರೂಪಲ್ಲಿ ಯಾರೋ "ಹಂಗಾದ್ರೆ ಇವರು ನಮಗೂ ಮೇಲಧಿಕಾರಿನಾ?" ಅಂತ ಕೇಳಿದ್ರು, ಇನ್ನೊಬ್ರು "ಇಲ್ಲಣ್ಣ, ಅವರು ಆಂಗ್ಲಿಕನ್, ನಾವು ಸಿಎಸ್‌ಐ, ಅದು ಇಂಗ್ಲಿಷರದ್ದು, ನಮಗೂ ಅದಕ್ಕೂ ಏನೂ ಸಂಬಂಧ ಇಲ್ಲ" ಅಂದ್ರು, ಅದಕ್ಕೆ ಸಾಲಾಗಿ ಥಂಬ್ಸ್‌ಅಪ್ ಬಿದ್ವು. ಇಲ್ಲ ಅಂದಿದ್ದು ಸರಿ, ಕೊಟ್ಟ ಕಾರಣ ಪೂರ್ತಿ ತಪ್ಪು. ಸಂಬಂಧ ಇದೆ, ಮೇಲಧಿಕಾರ ಇಲ್ಲ, ಇವೆರಡೂ ಒಟ್ಟಿಗೆ ಹೆಂಗೆ ನಿಜ ಆಗುತ್ತೆ ಅನ್ನೋದೇ ಆಂಗ್ಲಿಕನ್ ಅನ್ನೋ ಪದದ ಅರ್ಥ.

ಗೊಂದಲಕ್ಕೆ ಅರ್ಧ ಕಾರಣ ಕನ್ನಡದ 'ಆಂಗ್ಲ'. ಆಂಗ್ಲ ಭಾಷೆ, ಆಂಗ್ಲ ಮಾಧ್ಯಮ ಅಂತ ದಿನಾ ಬಳಸ್ತೀವಿ, ಹಂಗಾಗಿ ಆಂಗ್ಲಿಕನ್ ಅಂತ ಕೇಳಿದ ತಕ್ಷಣ ಆಂಗ್ಲರದ್ದು ಅಂತ ಕಿವಿಗೆ ಬೀಳುತ್ತೆ. ಎರಡಕ್ಕೂ ಮೂಲ ಒಂದೇ ಹೌದು, ಈಗಿನ ಜರ್ಮನಿಯ ಉತ್ತರ ಭಾಗದಿಂದ ಬ್ರಿಟನ್ನಿಗೆ ವಲಸೆ ಬಂದ ಆಂಗಲ್ಸ್ ಅನ್ನೋ ಬುಡಕಟ್ಟು, ಲ್ಯಾಟಿನ್ನಲ್ಲಿ ಆಂಗ್ಲಿ. ಆದ್ರೆ ಲ್ಯಾಟಿನ್ನಲ್ಲಿ 'ಎಕ್ಲೇಸಿಯಾ ಆಂಗ್ಲಿಕಾನಾ' ಅಂದಾಗ ಅದು ಬರೀ ಜಾಗದ ಹೆಸರು, ಇಂಗ್ಲೆಂಡಿನಲ್ಲಿರೋ ಸಭೆ, ಅಂದ್ರೆ ಚರ್ಚು, ಅಂತ, ಫ್ರಾನ್ಸಿನ ಸಭೆಗೆ ಗ್ಯಾಲಿಕಾನಾ ಅಂತಿದ್ರು, ಗುಬ್ಬಿ ಸಭೆ ತಿಪಟೂರು ಸಭೆ ಅಂತ ನಾವು ಹೇಳ್ತೀವಲ್ಲ ಹಂಗೆ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ಈ ಪದ ಇದೆ, ಆಂಗ್ಲಿಕಾನಾ ಸಭೆ ಸ್ವತಂತ್ರವಾಗಿರಲಿ ಅಂತ ರಾಜನ ಕೈಲಿ ಬರೆಸಿಕೊಂಡ್ರು. ಆಗಿನ್ನೂ ಆ ಸಭೆ ರೋಮಿನ ಪೋಪ್ ಜೊತೆಗೇ ಇತ್ತು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಹೆಂಡತಿ ಬಿಡೋಕೆ ಹೊಸ ಧರ್ಮ ಮಾಡಿದ, ಅದಕ್ಕೆ ಆಂಗ್ಲಿಕನ್ ಅಂತ ಹೆಸರಿಟ್ಟ ಅಂತ ಒಂದು ಫಾರ್ವರ್ಡ್ ವರ್ಷಕ್ಕೊಂದ್ಸಲ ಬರುತ್ತೆ. ಹೆನ್ರಿ ಪೋಪನ ಅಧಿಕಾರ ಕಿತ್ತು ತನ್ನನ್ನೇ ಮುಖ್ಯಸ್ಥ ಅಂತ ಕಾಯ್ದೆ ಮಾಡಿಸಿಕೊಂಡಿದ್ದು 1534ರಲ್ಲಿ, ಹೆಸರು ಅದಕ್ಕಿಂತ ಮುನ್ನೂರು ವರ್ಷ ಹಿಂದಿನದು. ಕ್ಯಾಂಟರ್ಬರಿಯ ಬಿಷಪ್ ಪೀಠ ಇನ್ನೂ ಹಳೇದು, ರೋಮಿನಿಂದ ಅಗಸ್ಟೀನ್ ಅಲ್ಲಿಗೆ ಬಂದಿದ್ದು 597ರಲ್ಲಿ, ಅಲ್ಲಿಂದ ಲೆಕ್ಕ ಹಾಕಿದ್ರೆ ಮುಲ್ಲಾಲಿ 106ನೆಯವರು.

ಈ ಜಾಗದ ಹೆಸರು ಜಾಗ ಬಿಟ್ಟು ಹೊರಗೆ ಹೋಗಿದ್ದು ಹೆಂಗೆ ಅನ್ನೋದನ್ನ ಯಾರೂ ಹೇಳಲ್ಲ. ಅಮೆರಿಕ ಸ್ವತಂತ್ರ ಆದಾಗ ಅಲ್ಲಿದ್ದ ಈ ಸಂಪ್ರದಾಯದ ಜನಕ್ಕೆ ಒಬ್ಬ ಬಿಷಪ್ಪೂ ಇರ್ಲಿಲ್ಲ. ಸ್ಯಾಮ್ಯುಯೆಲ್ ಸೀಬರಿ ಅನ್ನೋ ಅಲ್ಲಿನ ಪಾದ್ರಿ ಲಂಡನ್ನಿಗೆ ಹೋಗಿ ನನ್ನನ್ನ ಬಿಷಪ್ ಆಗಿ ಅಭಿಷೇಕ ಮಾಡಿ ಅಂದ್ರು, ಇಂಗ್ಲೆಂಡಿನ ಕಾನೂನು ಪ್ರಕಾರ ಬಿಷಪ್ ಆಗೋನು ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು, ಆ ರಾಜನ ವಿರುದ್ಧನೇ ಯುದ್ಧ ಗೆದ್ದು ಬಂದ ದೇಶದವರು ಅದನ್ನ ಹೆಂಗೆ ಮಾಡ್ತಾರೆ. ಅವರು ಅಲ್ಲಿಂದ ಸ್ಕಾಟ್ಲೆಂಡಿಗೆ ಹೋದ್ರು, ಅಲ್ಲಿ ಆ ಪ್ರಮಾಣ ಬೇಕಿರಲಿಲ್ಲ, 1784ರ ನವೆಂಬರ್ 14ರಂದು ಅಬರ್‌ಡೀನ್‌ನಲ್ಲಿ ಸ್ಕಾಟ್ಲೆಂಡಿನ ಬಿಷಪ್‌ಗಳು ಅಭಿಷೇಕ ಮಾಡಿದ್ರು. ಇಂಗ್ಲೆಂಡಿನ ರಾಜನಿಗೂ ಅಲ್ಲಿನ ಕಾನೂನಿಗೂ ಸಂಬಂಧ ಇಲ್ಲದೇನೇ ಒಂದು ಸಭೆ ಈ ಸಂಪ್ರದಾಯದಲ್ಲಿ ಇರಬಹುದು ಅಂತ ಅವತ್ತೇ ತೀರ್ಮಾನ ಆಯ್ತು. ಅಮೆರಿಕದವರು ಆಮೇಲೆ ಎಪಿಸ್ಕೋಪಲ್ ಅನ್ನೋ ಹೆಸರು ಇಟ್ಕೊಂಡ್ರು, ಅಂದ್ರೆ ಬಿಷಪ್‌ಗಳಿರೋ ಸಭೆ ಅಂತ ಅಷ್ಟೇ.

ರಾಜನ ವಿಷಯವನ್ನೂ ಇಲ್ಲೇ ಮುಗಿಸಿಬಿಡ್ತೀನಿ. ಬ್ರಿಟನ್ನಿನ ರಾಜ ಚರ್ಚ್ ಆಫ್ ಇಂಗ್ಲೆಂಡಿಗೆ ಮಾತ್ರ ಸುಪ್ರೀಮ್ ಗವರ್ನರ್. ಪಕ್ಕದ ಐರ್ಲೆಂಡಿನ ಆಂಗ್ಲಿಕನ್ ಸಭೆ 1871ರಲ್ಲಿ, ವೇಲ್ಸಿನದು 1920ರಲ್ಲಿ ಸರ್ಕಾರದಿಂದ ಬಿಡಿಸಿಕೊಂಡವು. ಪಕ್ಕದ ವೇಲ್ಸಿಗೇ ಇಲ್ಲದ ಮುಖ್ಯಸ್ಥ ತುಮಕೂರಿಗೆ ಎಲ್ಲಿಂದ ಬರ್ತಾನೆ.

ಈಗ ಎರಡನೇ ಪದ, ಕಮ್ಯೂನಿಯನ್. ಆಂಗ್ಲಿಕನ್ ಕಮ್ಯೂನಿಯನ್ ಅನ್ನೋದನ್ನ "ಆಂಗ್ಲಿಕನ್ ಸಮುದಾಯ" ಅಂತ ಬರೀತಾರೆ, ಜಾತಿ ಸಂಘದ ಥರ ಕೇಳಿಸುತ್ತೆ, ಇನ್ನು ಕೆಲವರು ಒಕ್ಕೂಟ ಅಂತಾರೆ, ಹಾಲು ಒಕ್ಕೂಟಕ್ಕಾದ್ರೂ ಒಬ್ಬ ಅಧ್ಯಕ್ಷ ಒಂದು ಬೈಲಾ ಇರುತ್ತೆ, ಇಲ್ಲಿ ಅದೂ ಇಲ್ಲ. ನನಗೆ ಬೇಜಾರಾಗೋದು ಯಾಕಂದ್ರೆ ಇದಕ್ಕೆ ಸರಿಯಾದ ಕನ್ನಡ ಪದ ನಮ್ಮ ಬಾಯಲ್ಲೇ ಇದೆ. ಪ್ರತಿ ಭಾನುವಾರ ಆರಾಧನೆ ಮುಗಿಯುವಾಗ ಕರ್ತನಾದ ಯೇಸು ಕ್ರಿಸ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ ಅಂತ ಹೇಳ್ತೀವಲ್ಲ, ಆ ಅನ್ಯೋನ್ಯತೆಗೆ ಗ್ರೀಕಲ್ಲಿ ಕೊಯ್ನೋನಿಯಾ, ಅದೇ ಕಮ್ಯೂನಿಯನ್. ಕರ್ತನ ಭೋಜನಕ್ಕೆ ಕಮ್ಯೂನಿಯನ್ ಅನ್ನೋದೂ ಅದೇ ಮೂಲದಿಂದ, ಯಾಕಂದ್ರೆ ಯಾರ ಜೊತೆ ಅನ್ಯೋನ್ಯತೆ ಇದೆ ಅನ್ನೋದಕ್ಕೆ ಗುರುತು ಯಾರ ಜೊತೆ ಆ ರೊಟ್ಟಿ ಮುರಿದು ತಿಂತೀವಿ ಅನ್ನೋದು. ಎರಡು ಸಭೆ ಅನ್ಯೋನ್ಯತೆಯಲ್ಲಿ ಇವೆ ಅಂದ್ರೆ ಇಲ್ಲಿಯವರು ಅಲ್ಲಿ ಹೋಗಿ ಭೋಜನ ತಗೋಬಹುದು, ಒಬ್ಬರ ಅಭಿಷೇಕನ ಇನ್ನೊಬ್ರು ಒಪ್ತಾರೆ, ಇಷ್ಟು. ಅಪ್ಪಣೆ ಕೊಡೋದು ಅದರಲ್ಲಿಲ್ಲ.

ಹಂಗಿರೋದು ಈಗ 42 ಸಭೆಗಳು, 165ಕ್ಕೂ ಹೆಚ್ಚು ದೇಶಗಳಲ್ಲಿ, ಜನ ಎಂಟೂವರೆ ಕೋಟಿಯ ಹತ್ರ ಅಂತ ಲೆಕ್ಕ ಕೊಡ್ತಾರೆ, ಅದರಲ್ಲಿ ದೊಡ್ಡ ಪಾಲು ನೈಜೀರಿಯಾ, ಉಗಾಂಡಾ ಥರದ ಆಫ್ರಿಕಾ ದೇಶಗಳದ್ದು. ಪ್ರತಿಯೊಂದಕ್ಕೂ ಅದರದ್ದೇ ಸಂವಿಧಾನ, ಅದರದ್ದೇ ಸಿನೋಡ್, ಅಂದ್ರೆ ತೀರ್ಮಾನ ಮಾಡೋ ಮಂಡಳಿ. ಕ್ಯಾಂಟರ್ಬರಿ ಆರ್ಚ್‌ಬಿಷಪ್ ನೈಜೀರಿಯಾದ ಒಬ್ಬ ಸಭಾಪಾಲಕರನ್ನೂ ವರ್ಗ ಮಾಡೋಕಾಗಲ್ಲ. ಎಲ್ಲ ದೇಶದ ಆಂಗ್ಲಿಕನ್ ಬಿಷಪ್‌ಗಳು ಸೇರೋ ಕೂಟಕ್ಕೆ ಲ್ಯಾಂಬೆತ್ ಸಮ್ಮೇಳನ ಅಂತಾರೆ, ಈ ಮಿತಿ ಅದರ ಮೊದಲನೇದರಲ್ಲೇ ಇತ್ತು. ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಕೊಲೆನ್ಸೋ ಅನ್ನೋ ಬಿಷಪ್ ಬೈಬಲ್ ಬಗ್ಗೆ ಬರೆದಿದ್ದಕ್ಕೆ ದೊಡ್ಡ ಗಲಾಟೆ ಆಗಿ, ಅಲ್ಲಿನ ಹಿರಿಯ ಬಿಷಪ್ ಅವರನ್ನ ತೆಗೆದ್ರೆ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದ್ರೆ ಬ್ರಿಟಿಷ್ ವಸಾಹತುಗಳ ಮೇಲ್ಮನವಿ ಕೇಳೋ ಕೋರ್ಟು, ಅದು ನಡೆಯಲ್ಲ ಅಂತು, ಯಾರ ಮಾತು ಕೊನೇದು ಅಂತ ಗೊತ್ತಾಗದೆ ಕೆನಡಾದ ಬಿಷಪ್‌ಗಳು ಎಲ್ರನ್ನೂ ಒಂದ್ಕಡೆ ಸೇರಿಸಿ ಅಂತ ಪತ್ರ ಬರೆದ್ರು. ಹಂಗೆ 1867ರಲ್ಲಿ ಸೇರಿದ್ದು 76 ಬಿಷಪ್‌ಗಳು, ಕರೆದ ಆರ್ಚ್‌ಬಿಷಪ್ ಲಾಂಗ್ಲಿ ಇದು ಕಾನೂನು ಮಾಡೋ ಕೂಟ ಅಲ್ಲ, ಮಾತಾಡಿ ಪ್ರಾರ್ಥನೆ ಮಾಡೋಕೆ ಅಂತ ಮೊದಲೇ ಹೇಳಿಯೇ ಕರೆದಿದ್ರು. ಇವತ್ತಿಗೂ ಅದೇ ರೀತಿ. ಹಂಗಾಗಿ ದಯವಿಟ್ಟು ಪೋಪ್ ಅನ್ನಬೇಡಿ, ಪೋಪ್‌ಗೆ ಇರೋ ಅಧಿಕಾರದಲ್ಲಿ ನೂರನೇ ಒಂದು ಪಾಲೂ ಅವರಿಗೆ ಇಂಗ್ಲೆಂಡಿನ ಹೊರಗಿಲ್ಲ. 'ಶಾಖೆ' ಅನ್ನೋದನ್ನೂ ಬಿಡಿ, ಶಾಖೆಗೆ ಹೆಡ್ ಆಫೀಸ್ ಇರಬೇಕು.

ಇನ್ನು ನಮ್ಮ ವಿಷಯ, ತುಮಕೂರು ಕೋಲಾರ ಚಿಕ್ಕಬಳ್ಳಾಪುರದ್ದು. ಇಲ್ಲಿ ಬರೆಯುವಾಗಲೇ ಜಾಸ್ತಿ ತಪ್ಪಾಗೋದು. ತುಮಕೂರು ಗುಬ್ಬಿ ಕಡೆ ಕೆಲಸ ಮಾಡಿದ ಮಿಶನರಿಗಳು ಆಂಗ್ಲಿಕನ್ನರಲ್ಲ, ವೆಸ್ಲಿಯನ್ ಮೆಥಡಿಸ್ಟರು. ಆ ಪಂಥ ಶುರು ಮಾಡಿದ ಜಾನ್ ವೆಸ್ಲಿ ಸಾಯೋವರೆಗೂ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿನೇ ಆಗಿದ್ರು, ಅವರ ಹಿಂದೆ ಬಂದವರು ಬೇರೆ ಆದ್ರು. ಚಿಕ್ಕಬಳ್ಳಾಪುರದ ಕಡೆ ಇದ್ದವರು ಲಂಡನ್ ಮಿಶನ್ನವರು, ಈಗ ಸಿಎಸ್‌ಐ ಆಸ್ಪತ್ರೆ ಅಂತ ಎಲ್ರೂ ಕರೆಯೋದು ಅವರು ಶುರು ಮಾಡಿದ್ದು, ಅವರಲ್ಲಿ ಬಿಷಪ್ ಅನ್ನೋ ಪದ್ಧತಿಯೇ ಇರ್ಲಿಲ್ಲ, ಪ್ರತಿ ಸಭೆಯೂ ತನ್ನ ತೀರ್ಮಾನ ತಾನೇ ತಗೋಬೇಕು ಅನ್ನೋರು. ಹುಟ್ಟಿನಿಂದ ಆಂಗ್ಲಿಕನ್ ಅಂತ ಹೇಳಬಹುದಾದ್ದು ಕೆಜಿಎಫ್‌ನಲ್ಲಿ ಗಣಿಯ ಬ್ರಿಟಿಷ್ ಅಧಿಕಾರಿಗಳ ಕಾಲದ ಸಭೆ. ಅಂದ್ರೆ ಈ ಮೂರೂ ಜಿಲ್ಲೆ ಒಟ್ಟು ಹಾಕಿದ್ರೂ ನಮ್ಮ ಅಜ್ಜ ಅಜ್ಜಿಯರಲ್ಲಿ ಆಂಗ್ಲಿಕನ್ ಅನ್ನಿಸಿಕೊಂಡವರು ಕಮ್ಮಿನೇ.

ಹಂಗಾದ್ರೆ ಇವತ್ತು ನಾವು ಆಂಗ್ಲಿಕನ್ ಕಮ್ಯೂನಿಯನ್ನಿನೊಳಗೆ ಇರೋದು ಹೆಂಗೆ? 1919ರಲ್ಲಿ ತರಂಗಂಬಾಡಿಯಲ್ಲಿ, ಇಂಗ್ಲಿಷರು ಟ್ರಾಂಕ್ವೆಬಾರ್ ಅಂತಿದ್ದ ಊರು, ಬೇರೆ ಬೇರೆ ಸಭೆಗಳವರು ಸೇರಿ ಯುರೋಪಿನವರ ಜಗಳದಿಂದ ಹುಟ್ಟಿದ ಈ ಗೋಡೆಗಳು ನಮಗ್ಯಾಕೆ ಅಂತ ಕೇಳಿದ್ರು, ಸೇರಿದವರಲ್ಲಿ ಹೆಚ್ಚಿನವರು ಭಾರತೀಯರೇ. ಮುಂದೆ ನಿಂತವರಲ್ಲಿ ಒಬ್ರು ವಿ.ಎಸ್. ಅಜರಯ್ಯ, 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದವರು, ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್. 28 ವರ್ಷ ಮಾತುಕತೆ ನಡೀತು, ಅಜರಯ್ಯನವರು ಅದರ ಫಲ ನೋಡದೆ 1945ರ ಜನವರಿ 1ರಂದು ತೀರಿಹೋದ್ರು. ದೇಶ ಸ್ವತಂತ್ರ ಆಗಿ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ, ಶುರುವಾಯ್ತು. ಒಂದು ಆಂಗ್ಲಿಕನ್ನರು, ಎರಡನೇದು ಮೆಥಡಿಸ್ಟರು, ಮೂರನೇದು ಲಂಡನ್ ಮಿಶನ್ ಥರದವರೂ, ಬಿಷಪ್ ಬದಲು ಹಿರಿಯರ ಮಂಡಳಿ ನಡೆಸೋ ಪ್ರೆಸ್ಬಿಟೇರಿಯನ್ನರೂ 1908ರಲ್ಲೇ ಒಂದಾಗಿ ಕಟ್ಟಿಕೊಂಡಿದ್ದ ಸಭೆ, ಮೂರೂ ಸೇರಿ ಒಂದು. ಬಿಷಪ್ ಪದ್ಧತಿ ಇರೋರೂ ಇಲ್ಲದವರೂ ಹಿಂಗೆ ಒಂದಾಗಿದ್ದು ಜಗತ್ತಲ್ಲೇ ಅದು ಮೊದಲು.

ಆಗ ಇಂಗ್ಲೆಂಡಿನವರು ಖುಷಿಯಿಂದ ಬರಮಾಡಿಕೊಂಡ್ರು ಅಂದ್ಕೋಬೇಡಿ. ಬಿಷಪ್ ಕೈಯಿಟ್ಟು ಅಭಿಷೇಕ ಮಾಡದ ಪಾಸ್ಟರುಗಳನ್ನೂ ಒಳಗೆ ಸೇರಿಸಿಕೊಂಡಿದ್ದಾರೆ ಅಂತ ಆಕ್ಷೇಪ ಎತ್ತಿ ಸಿಎಸ್‌ಐಯನ್ನ ಎಷ್ಟೋ ದಶಕ ಪೂರ್ತಿ ಸದಸ್ಯ ಅಂತ ಒಪ್ಪಲಿಲ್ಲ. ಬೇರೆ ಸಭೆಗಳ ಜೊತೆ ಒಂದಾಗೋಕೆ ಹೋಗಿ ಆಂಗ್ಲಿಕನ್ ಬಳಗದಿಂದಲೇ ಹೊರಗುಳಿದರು ನಮ್ಮ ಹಿರಿಯರು, ಆದ್ರೂ ಬಿಡಲಿಲ್ಲ, ಆಮೇಲೆ ಕಮ್ಯೂನಿಯನ್ನೇ ಬಾಗಿಲು ತೆಗೀತು. ಇವತ್ತು ಸಿಎಸ್‌ಐ ಆಂಗ್ಲಿಕನ್ ಕಮ್ಯೂನಿಯನ್ನಿನ 42ರಲ್ಲಿ ಒಂದು, ಅದೇ ಹೊತ್ತಿಗೆ ವಿಶ್ವ ಮೆಥಡಿಸ್ಟ್ ಕೌನ್ಸಿಲ್ಲಿನಲ್ಲೂ ಪ್ರೆಸ್ಬಿಟೇರಿಯನ್ ಥರದ ರಿಫಾರ್ಮ್ಡ್ ಸಭೆಗಳ ವಿಶ್ವ ಕಮ್ಯೂನಿಯನ್ನಿನಲ್ಲೂ ಸದಸ್ಯ. ಹಂಗಾಗಿ "ಸಿಎಸ್‌ಐ ಅಂದ್ರೆ ಆಂಗ್ಲಿಕನ್" ಅಂತ ಬರೆಯೋದೂ ತಪ್ಪು, "ಆಂಗ್ಲಿಕನ್ ಅಲ್ಲ" ಅನ್ನೋದೂ ತಪ್ಪು. ಆಂಗ್ಲಿಕನ್ ಕಮ್ಯೂನಿಯನ್ನಿಗೆ ಸೇರಿದ ಐಕ್ಯ ಸಭೆ ಅಂತ ಬರೀರಿ, ಎರಡು ಪದ ಜಾಸ್ತಿ ಆಗುತ್ತೆ, ಆಗ್ಲಿ.

ಕೋಲಾರದವರಿಗೆ ಒಂದು ಮಾತು. ಕೋಲಾರದ ಇಟಿಸಿಎಂ ಆಸ್ಪತ್ರೆ, ಅದನ್ನ ನಡೆಸೋ ಮೆಥಡಿಸ್ಟ್ ಸಭೆ, ಇದು ಸಿಎಸ್‌ಐ ಅಲ್ಲ, ಆಂಗ್ಲಿಕನ್ನೂ ಅಲ್ಲ. ಅದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಶನ್ನಿಂದ ಬಂದದ್ದು, 1947ರ ಐಕ್ಯಕ್ಕೆ ಸೇರಲಿಲ್ಲ, 1981ರಿಂದ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಅಂತ ಸ್ವತಂತ್ರವಾಗಿದೆ. ಹಳೇ ಕಾಗದದಲ್ಲಿ ಎಪಿಸ್ಕೋಪಲ್ ಅಂತಿರೋದು ನೋಡಿ, ಬಿಷಪ್ ಇರೋದು ನೋಡಿ ಆಂಗ್ಲಿಕನ್ ಅಂತ ತೀರ್ಮಾನಿಸೋರಿದ್ದಾರೆ, ಕ್ಯಾಥೊಲಿಕರಲ್ಲೂ ಬಿಷಪ್ ಇದ್ದಾರಲ್ಲ.

ಸಂಬಂಧ ಅಂದ್ರೆ ಅಲ್ಲಿಂದ ಇಲ್ಲಿಗೆ ಮಾತ್ರ ಬರೋದು ಅಂತ ಅಂದ್ಕೊಳ್ಳೋದು ನನಗೆ ಎಲ್ಲಕ್ಕಿಂತ ನೋವು ಮಾಡುತ್ತೆ. 1950ರಲ್ಲಿ ಸಿಎಸ್‌ಐ ಮಾಡಿಕೊಂಡ ಭೋಜನದ ಆರಾಧನಾ ಕ್ರಮದಲ್ಲಿ ಕೇರಳದ ಸುರಿಯಾನಿ ಸಂಪ್ರದಾಯದಿಂದ ತಗೊಂಡು ಒಬ್ಬರಿಂದ ಒಬ್ಬರಿಗೆ ಕೈಯಲ್ಲಿ ಸಮಾಧಾನ ಕೊಡೋ ಪದ್ಧತಿ ಇಟ್ರು, ಆ ಕ್ರಮ ನೋಡಿ ಆಮೇಲೆ ಎಷ್ಟೋ ದೇಶದ ಆಂಗ್ಲಿಕನ್ ಸಭೆಗಳು ತಮ್ಮ ಆರಾಧನಾ ಪುಸ್ತಕ ತಿದ್ದಿಕೊಂಡ್ವು. ಮಹಿಳೆ ವಿಷಯಕ್ಕೂ ಅಷ್ಟೇ. ಮುಲ್ಲಾಲಿ ಕ್ಯಾಂಟರ್ಬರಿಗೆ ಮೊದಲ ಮಹಿಳೆ, ನಿಜ, ದೊಡ್ಡ ವಿಷಯ, ನರ್ಸ್ ಆಗಿ ಇಂಗ್ಲೆಂಡಿನ ಚೀಫ್ ನರ್ಸಿಂಗ್ ಆಫೀಸರ್ ಆಗಿದ್ದವರು. ಆದ್ರೆ "ಆಂಗ್ಲಿಕನ್ನರಲ್ಲಿ ಮೊದಲ ಮಹಿಳಾ ಬಿಷಪ್" ಅಂತ ಹಾಕಿದ್ರೆ ತಪ್ಪು, ಆ ಮೊದಲು ಅಮೆರಿಕದ ಬಾರ್ಬರಾ ಹ್ಯಾರಿಸ್, 1989. ನಮ್ಮ ಸಿಎಸ್‌ಐಯಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತ ಅವರು ಬಿಷಪ್ ಆಗಿದ್ದು 2013ರಲ್ಲಿ, ಇಂಗ್ಲೆಂಡಿನ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದಿದ್ದು 2015ರಲ್ಲಿ.

ಈಗಿನ ಸುದ್ದಿ ಓದೋಕೂ ಈ ಅರ್ಥ ಬೇಕು. 2008ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ಗ್ಯಾಫ್ಕಾನ್ ಅನ್ನೋ ಬಳಗ, ಹೆಚ್ಚಾಗಿ ಆಫ್ರಿಕಾದ ಸಭೆಗಳು, 2025ರ ಅಕ್ಟೋಬರ್ 16ರಂದು ರುವಾಂಡಾದ ಆರ್ಚ್‌ಬಿಷಪ್ ಎಂಬಂಡಾ ಅವರ ಸಹಿಯಲ್ಲಿ ಒಂದು ಹೇಳಿಕೆ ಕೊಡ್ತು, ಕ್ಯಾಂಟರ್ಬರಿ ಕರೆಯೋ ಸಮ್ಮೇಳನಗಳಿಗೆ ಇನ್ನು ಹೋಗಲ್ಲ, ನಿಜವಾದ ಆಂಗ್ಲಿಕನ್ ಕಮ್ಯೂನಿಯನ್ ನಾವೇ ಅಂತ. ತಕ್ಷಣ "ಆಂಗ್ಲಿಕನ್ ಚರ್ಚ್ ಇಬ್ಭಾಗ" ಅಂತ ಬಂತು. ಆಂಗ್ಲಿಕನ್ ಚರ್ಚ್ ಅನ್ನೋ ಒಂದೇ ಸಂಸ್ಥೆ ಇದ್ದಿದ್ರೆ ತಾನೇ ಇಬ್ಭಾಗ ಆಗೋಕೆ. ಅಲ್ಲಿ ನಡೀತಿರೋ ಜಗಳ ಈ ಪದದ ವ್ಯಾಖ್ಯಾನದ ಮೇಲೇನೆ. 1930ರ ಲ್ಯಾಂಬೆತ್ ಸಮ್ಮೇಳನ ಕ್ಯಾಂಟರ್ಬರಿ ಪೀಠದ ಜೊತೆ ಅನ್ಯೋನ್ಯತೆಯಲ್ಲಿರೋರು ಆಂಗ್ಲಿಕನ್ನರು ಅಂತ ಬರೆದಿಟ್ಟಿತ್ತು, ಗ್ಯಾಫ್ಕಾನ್ ಬೈಬಲ್ಲಿಗೆ ನಿಷ್ಠೆ ಸಾಕು ಕ್ಯಾಂಟರ್ಬರಿ ಬೇಡ ಅನ್ನುತ್ತೆ, ಇನ್ನೊಂದ್ಕಡೆ 2024ರ ಕೊನೆಗೆ ಕಮ್ಯೂನಿಯನ್ನಿನದ್ದೇ ಒಂದು ಸಮಿತಿಯಿಂದ ಬಂದ ನೈರೋಬಿ–ಕೈರೋ ಪ್ರಸ್ತಾವ ಕ್ಯಾಂಟರ್ಬರಿ ಜೊತೆ ಚಾರಿತ್ರಿಕ ನಂಟು ಅಂತ ಸಡಿಲ ಮಾಡೋಣ ಅಂತು. ವರದಿ ಮಾಡೋರು ಯಾವ ಸಭೆ ಯಾರ ಜೊತೆ ಭೋಜನ ನಿಲ್ಲಿಸಿದೆ, ಯಾವ ಸಿನೋಡ್ ಏನು ನಿರ್ಣಯ ಮಾಡಿದೆ ಅಂತ ಕೇಳಿ ಬರೀಬೇಕು, ಗ್ಯಾಫ್ಕಾನ್ ಹೇಳಿಕೆ ಬಂತು ಅಂದ ಮಾತ್ರಕ್ಕೆ ಅದರಲ್ಲಿರೋ ಪ್ರತಿ ದೇಶದ ಸಭೆ ಹೊರಗೆ ಹೋಯ್ತು ಅಂತಲ್ಲ.

ಕೊನೆಗೆ ಚಿಕ್ಕ ಪದಗಳು, ಬೇಗ ಹೇಳ್ತೀನಿ. ಪ್ರೈಮೇಟ್ ಅಂದ್ರೆ ಒಂದು ಸಭೆಯ ಮೊದಲ ಬಿಷಪ್, ಮೆಶಿನ್ ಅನುವಾದ ಅದನ್ನ ವಾನರ ಮಾಡಿದ್ರೆ ತಿದ್ದಿ ಹಾಕಿ, ಅದು ಅವಮಾನ. ಪ್ರಾವಿನ್ಸ್ ಅಂದ್ರೆ ಪೂರ್ತಿ ಒಂದು ಸಭೆ, ಸಭಾಪ್ರಾಂತ್ಯ ಅಂದ್ರೆ ಒಬ್ಬ ಬಿಷಪ್ ನೋಡಿಕೊಳ್ಳೋ ಭಾಗ, ಪ್ರಪಂಚದ ಆಂಗ್ಲಿಕನ್ ಪ್ರಾರ್ಥನಾ ಪಟ್ಟಿಯಲ್ಲಿ ಕರ್ನಾಟಕ ಸೆಂಟ್ರಲ್ ಅಂತ ಬಂದ್ರೆ ಅದು ನಮ್ಮ ಸಭಾಪ್ರಾಂತ್ಯ, ಅವತ್ತು ಯಾವುದೋ ದೇಶದಲ್ಲಿ ತುಮಕೂರಿನ ಸಭೆಗೂ ಪ್ರಾರ್ಥನೆ ನಡೆಯುತ್ತೆ. ಭಾರತದ ಆರ್ಚ್‌ಬಿಷಪ್ ಅಂತ ಆಂಗ್ಲಿಕನ್ ಕಮ್ಯೂನಿಯನ್ನಿನಲ್ಲಿ ಯಾರೂ ಇಲ್ಲ, ಸಿಎಸ್‌ಐಗೆ ಮಾಡರೇಟರ್ ಅನ್ನೋ ಒಬ್ರು ಮುಖ್ಯ ಬಿಷಪ್, ಉತ್ತರ ಭಾರತದ ಅದೇ ಥರದ ಐಕ್ಯ ಸಭೆ ಸಿಎನ್‌ಐಗೆ ಒಬ್ರು ಮಾಡರೇಟರ್, ಇಬ್ಬರನ್ನೂ ಅವರವರ ಸಿನೋಡ್ ಆರಿಸುತ್ತೆ, ಕ್ಯಾಂಟರ್ಬರಿ ನೇಮಿಸಲ್ಲ.